ಗೃಹಸ್ಥರೊಡನೆ: ಓಟಿನ ದಿನದ ರಜಾ

ನನ್ನ ಸ್ನೇಹಿತರೊಬ್ಬರು ಸಣ್ಣದೊಂದು ಅಚ್ಚುಕೂಟವನ್ನು ನಡೆಯಿಸುತ್ತಿರುವರು. ಅಲ್ಲಿ ಎಂಟು ಮಂದಿ ಕೆಲಸಗಾರರು. ಇವರು ಧರ್ಮಭೀರುಗಳು, ಸಂಬಳವನ್ನು ತಿಂಗಳ ಮೊದಲನೆಯ ತಾರೀಖಿಗೇ ಎಣಿಸಿ ಕೈಗಿಡತಕ್ಕವರು. ಮೊನ್ನೆ ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ಒಂದು ದುಃಖವನ್ನು ತೋಡಿಕೊಂಡರು. "2024ರ ಲೋಕಸಭೆಯ ಚುನಾವಣೆಯ ದಿನ ಅಚ್ಚುಕೂಟಕ್ಕೆ ಬೀಗ ಹಾಕಿಸಿದೆ. ಯಾರ ಸಂಬಳದಲ್ಲಿಯೂ ಒಂದು ಕಾಸನ್ನು ಹಿಡಿಯಲಿಲ್ಲ. ಮಾರನೆಯ ದಿನ ನೋಡಿದರೆ ಇಬ್ಬರ ಬೆರಳಿನಲ್ಲಿ ಮಾತ್ರ ಶಾಯಿ! ರಜಾ ಕೊಟ್ಟದ್ದು ನಿದ್ದೆಮಾಡುವುದಕ್ಕೇನು ಸ್ವಾಮಿ? ಮುಂದಿನ ಸಲ ಶಾಯಿ ತೋರಿಸದವನಿಗೆ ದಿನದ ಸಂಬಳವಿಲ್ಲವೆಂದು ಹೇಳಿಬಿಡೋಣವೆನ್ನಿಸಿದೆ" ಎಂದರು.

ಹಾಗೆ ಮಾಡುವುದು ಕಾನೂನಿಗೆ ವಿರೋಧವೆಂಬ ಮಾತನ್ನು ಆಮೇಲೆ ಹೇಳುವೆನು. ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಮಿಕ್ಕ ಆರು ಮಂದಿಯ ಹೆಸರುಗಳು ಮತದಾರರ ಪಟ್ಟಿಯಲ್ಲಿ ಎಲ್ಲಿರುವುವೆಂದು ವಿಚಾರಿಸಿದಿರೋ? ಅವರು ವಿಚಾರಿಸಿರಲಿಲ್ಲ. ಒಂದು ವಾರದ ಮೇಲೆ ವಿಚಾರಿಸಿಕೊಂಡು ಬಂದರು. ಮೂವರ ಹೆಸರು ಹುಟ್ಟೂರಿನಲ್ಲಿಯೇ ಉಳಿದಿರುವುದಂತೆ. ಒಬ್ಬನದು ರಾಯಚೂರಿನ ಕಡೆ, ಇಬ್ಬರದು ಪಾವಗಡದ ಬಳಿ. ನಾಲ್ಕನೆಯವನು ಬಾಡಿಗೆಯ ಮನೆಯನ್ನು ಬದಲಾಯಿಸಿದಾಗ ಅವನ ಹೆಸರು ಹಳೆಯ ಪಟ್ಟಿಯಿಂದ ಹೋಗಿತ್ತು, ಹೊಸದಕ್ಕೆ ಸೇರಿರಲಿಲ್ಲ. ಐದನೆಯವನು ಹತ್ತೊಂಬತ್ತು ವರ್ಷದ ಹುಡುಗ. ಅವನ ಹೆಸರು ಎಲ್ಲಿಯೂ ಸೇರಿರಲಿಲ್ಲ, ಸೇರಿಸಬೇಕೆಂದು ಅವನಿಗೆ ಯಾರೂ ಹೇಳಿಯೂ ಇರಲಿಲ್ಲ. ಆರನೆಯವನು ಮಾತ್ರ ನಿಜವಾಗಿ ನಿದ್ದೆಮಾಡಿದವನು! ಎಂದರೆ ನನ್ನ ಸ್ನೇಹಿತರು ಆರು ಮಂದಿಯ ಮೇಲೆ ಹೊರಿಸಿದ್ದ ಅಪರಾಧವು ಒಬ್ಬನಿಗೆ ಮಾತ್ರ ಸಲ್ಲತಕ್ಕದ್ದಾಗಿತ್ತು.

ಪತ್ರಿಕೆಗಳಲ್ಲಿ ಚುನಾವಣೆಯಾದ ಮರುದಿನ ಬೆಂಗಳೂರಿನ ಜನರ ಆಲಸ್ಯವನ್ನು ಕುರಿತು ಸಂಪಾದಕೀಯಗಳು ಬರುವುದು ವಾಡಿಕೆ. 2024ರಲ್ಲಿ ನಗರದ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಓಟು ಹಾಕಿದವರು ನೂರಕ್ಕೆ 54ರ ಆಸುಪಾಸು. ಮಂಡ್ಯದಲ್ಲಿ 81ಕ್ಕೂ ಹೆಚ್ಚು. ಈ ಅಂತರವನ್ನೆಲ್ಲ ಆಲಸ್ಯವೆಂದು ಬರೆದಿಡುವುದು ಸುಲಭ. ಆದರೆ ನಗರವೆಂದರೆ ಮನೆ ಬದಲಾಯಿಸುವವರ ಊರು, ಬೇರೆ ಕಡೆಯಿಂದ ಬಂದವರ ಊರು. ಎರಡು ಕಡೆ ಹೆಸರಿರುವವರು, ಎಲ್ಲಿಯೂ ಹೆಸರಿಲ್ಲದವರು, ಹೆಸರೊಂದು ಕಡೆ ದೇಹವೊಂದು ಕಡೆ ಇರುವವರು, ಎಲ್ಲರೂ ಅಲ್ಲಿ ಸೇರಿರುವರು.

ಇನ್ನು ಕಾನೂನಿನ ಮಾತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ 135ಬಿ ಎಂಬ ಪ್ರಕರಣವನ್ನು ಸೇರಿಸಿದರು. ವ್ಯಾಪಾರ, ಕೈಗಾರಿಕೆ ಅಥವಾ ಬೇರೆ ಯಾವುದೇ ಸಂಸ್ಥೆಯಲ್ಲಿ ಕೆಲಸಮಾಡುವವನು ಲೋಕಸಭೆಗೋ ವಿಧಾನಸಭೆಗೋ ಓಟು ಹಾಕುವ ಹಕ್ಕುಳ್ಳವನಾಗಿದ್ದರೆ, ಓಟಿನ ದಿನ ಅವನಿಗೆ ರಜಾ ಕೊಡತಕ್ಕದ್ದು. ಆ ರಜಾಕ್ಕಾಗಿ ಸಂಬಳವನ್ನು ಹಿಡಿಯಕೂಡದು. ಕೆಲಸವಿಲ್ಲದ ದಿನ ಕೂಲಿಯಿಲ್ಲವೆಂಬ ಕರಾರಿನ ಮೇಲೆ ಇರುವವನಿಗೂ ಆ ದಿನದ ಕೂಲಿಯನ್ನು ಕೊಡತಕ್ಕದ್ದು. ದಿನಗೂಲಿಯವರಿಗೂ ಇದು ಸಲ್ಲುವುದೆಂದೂ, ಕೆಲಸದ ಸ್ಥಳವು ಕ್ಷೇತ್ರದ ಹೊರಗಿದ್ದು ಕೆಲಸಗಾರನ ಹೆಸರು ಕ್ಷೇತ್ರದ ಒಳಗಿದ್ದರೂ ರಜಾ ಸಲ್ಲುವುದೆಂದೂ ಚುನಾವಣಾ ಆಯೋಗವು ತನ್ನ ಪ್ರಕಟಣೆಗಳಲ್ಲಿ ಸ್ಪಷ್ಟಪಡಿಸಿರುವುದು. ಕರ್ನಾಟಕದಲ್ಲಿ 2024ರ ಚುನಾವಣೆಯು ಏಪ್ರಿಲ್ 26ರಂದೊಮ್ಮೆ, ಮೇ 7ರಂದೊಮ್ಮೆ, ಹೀಗೆ ಎರಡು ಕಂತುಗಳಲ್ಲಿ ನಡೆಯಿತಷ್ಟೆ. ಬೆಂಗಳೂರಿನಲ್ಲಿ ದುಡಿಯುವ ರಾಯಚೂರಿನವನಿಗೆ ರಜಾ ಬೇಕಾದದ್ದು ಬೆಂಗಳೂರು ಮಲಗಿದ್ದ ಏಪ್ರಿಲ್ 26ರಂದಲ್ಲ, ಮೇ 7ರಂದು. ಆ ದಿನ ನನ್ನ ಸ್ನೇಹಿತರ ಅಚ್ಚುಕೂಟವು ಎಂದಿನಂತೆ ಗಡಗಡನೆ ನಡೆಯುತ್ತಿತ್ತು. ಅವರಿಗೆ ಅದು ತಪ್ಪೆಂದು ತೋರಿಯೇ ಇರಲಿಲ್ಲ; ಪಾಪ, ನನಗೂ ತೋರಿರಲಿಲ್ಲ.

ಈ ಪ್ರಕರಣವನ್ನು ಮೀರಿದ ಯಜಮಾನನಿಗೆ ದಂಡವು 500 ರೂಪಾಯಿಗಳವರೆಗೆ. ಕಾರಖಾನೆಯ ಮಾಲೀಕನಿಗೆ ಇದು ಅಂಜಿಕೆ ಹುಟ್ಟಿಸತಕ್ಕ ಮೊತ್ತವಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ದಂಡಕ್ಕೆ ಹೆದರಿ ರಜಾ ಕೊಡುವವರಿಗಿಂತ ಮರ್ಯಾದೆಗೆ ಕೊಡುವವರೇ ಹೆಚ್ಚಾಗಿರುವರೆಂದು ನಂಬಿದ್ದೇನೆ. ಪ್ರಕರಣಕ್ಕೆ ಒಂದು ಅಪವಾದವೂ ಉಂಟು: ಯಾವನು ಕೆಲಸಕ್ಕೆ ಬಾರದೆಹೋದರೆ ಅಪಾಯವೋ ಹೆಚ್ಚಿನ ನಷ್ಟವೋ ಉಂಟಾಗಬಹುದೋ ಅಂಥವನಿಗೆ ಇದು ಅನ್ವಯಿಸುವುದಿಲ್ಲ. ಆಸ್ಪತ್ರೆ, ವಿದ್ಯುತ್ತಿನ ಸ್ಥಾವರ ಮುಂತಾದವುಗಳನ್ನು ನೆನೆದುಕೊಂಡರೆ ಇದು ನ್ಯಾಯವಾದ ಮಾತೇ. ಆದರೆ ಅಪವಾದದ ಬಾಗಿಲು ಸಣ್ಣದಾದರೂ ಅದರೊಳಗೆ ನುಗ್ಗಲು ಬಯಸುವವರು ಬಹಳ. ಅಂಥ ಕಡೆಗಳಲ್ಲಿಯೂ ಬೆಳಗಿನ ಪಾಳಿಯವರನ್ನು ಮಧ್ಯಾಹ್ನ, ಮಧ್ಯಾಹ್ನದವರನ್ನು ಬೆಳಗ್ಗೆ ಕಳುಹಿಸುವುದಕ್ಕೆ ಒಂದು ಕಾಗದ, ಒಂದು ಪೆನ್ಸಿಲು ಸಾಕು.

ಈಗ ಅಚ್ಚುಕೂಟವನ್ನು ಬಿಟ್ಟು ನಮ್ಮ ನಿಮ್ಮ ಮನೆಗಳಿಗೆ ಬರೋಣ. ಈ ಮಾಸಪತ್ರಿಕೆಯನ್ನು ಓದತಕ್ಕ ಗೃಹಸ್ಥರಲ್ಲಿ ಕಾರಖಾನೆಗಳ ಯಜಮಾನರು ಎಷ್ಟು ಮಂದಿ ಇರುವರೋ ತಿಳಿಯೆನು. ಆದರೆ ಪಾತ್ರೆ ತೊಳೆಯುವಾಕೆಗೋ, ಅಡಿಗೆಯವರಿಗೋ, ಕಾರಿನ ಚಾಲಕನಿಗೋ, ಮುದುಕರನ್ನು ನೋಡಿಕೊಳ್ಳುವ ದಾದಿಗೋ ಯಜಮಾನರಾಗಿರುವವರು ಬಹುಮಂದಿ ಇರುವರು. ಕಾನೂನು ವ್ಯಾಪಾರ, ಕೈಗಾರಿಕೆ, ಸಂಸ್ಥೆ ಎಂದು ಹೇಳುವುದೇ ಹೊರತು ಮನೆ ಎಂಬ ಮಾತನ್ನು ಎತ್ತುವುದಿಲ್ಲ. ಆದುದರಿಂದ ಮನೆಯಲ್ಲಿ ದುಡಿಯುವವರ ರಜಾ ನಮ್ಮ ನಮ್ಮ ಮನಸ್ಸಿಗೆ ಬಿಟ್ಟದ್ದಾಗಿದೆ. ನಮ್ಮ ಮನೆಯಲ್ಲಿ ಆ ಮನಸ್ಸು ಹೇಗೆ ನಡೆದುಕೊಂಡಿತೆಂಬುದನ್ನು ಮುಚ್ಚಿಡದೆ ಹೇಳುವೆನು.

ಅದೇ ಏಪ್ರಿಲ್ 26, ಶುಕ್ರವಾರ. ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಏಳು ಗಂಟೆಗೇ ಹೋಗಿ ಓಟು ಹಾಕಿ, ಬೆರಳನ್ನು ನೋಡಿಕೊಂಡು ಹೆಮ್ಮೆಯಿಂದ ಮನೆಗೆ ಬಂದೆವು. ರಜಾ ದಿನವಾದ್ದರಿಂದ ಮಧ್ಯಾಹ್ನದ ಊಟಕ್ಕೆ ನಂಟರನ್ನು ಕರೆದಿದ್ದೆವು. ಅವರೆಲ್ಲರ ಬೆರಳಿನಲ್ಲಿಯೂ ಶಾಯಿ. ಹೋಳಿಗೆಯ ಊಟವಾದ ಮೇಲೆ ಪ್ರಜಾಪ್ರಭುತ್ವದ ಭವಿಷ್ಯವನ್ನು ಕುರಿತು ಬಹಳ ಹೊತ್ತು ಮಾತನಾಡಿದೆವು. ಅಷ್ಟು ಹೊತ್ತೂ ಹಿತ್ತಲಿನಲ್ಲಿ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸಮಾಡುತ್ತಿರುವ ಹೆಂಗಸು ನಮ್ಮ ಮನೆಯನ್ನು ಮುಗಿಸಿ, ಅಂಥದೇ ನಂಟರು ಬಂದಿದ್ದ ಇನ್ನೆರಡು ಮನೆಗಳನ್ನು ಮುಗಿಸಿ ಹೊರಟಾಗ ಆರು ಗಂಟೆಗೆ ಕಾಲು ಗಂಟೆ ಇತ್ತಂತೆ. ಆಕೆಯ ಮತಗಟ್ಟೆ ಇರುವುದು ರೈಲು ಹಳಿಯ ಆಚೆ. ಹೋಗಿ ತಲುಪುವ ವೇಳೆಗೆ ಗೇಟು ಮುಚ್ಚಿತ್ತು. ಮಾರನೆಯ ದಿನ ಇದನ್ನು ದೂರಿನಂತೆ ಹೇಳಲಿಲ್ಲ. ಬೆರಳನ್ನು ಕಂಡು ನನ್ನ ಹೆಂಡತಿ ಕೇಳಿದ್ದಕ್ಕೆ ಹೇಳಿದಳು. "ಹೋಗ್ಲಿ ಬಿಡ್ರಮ್ಮ, ಮುಂದಿನ ಸಲ ಹಾಕಿದ್ರಾಯ್ತು" ಎಂದು ಪೊರಕೆಯನ್ನು ತೆಗೆದುಕೊಂಡಳು. ಲೋಕಸಭೆಗೆ ಮುಂದಿನ ಸಲವೆಂದರೆ ಐದು ವರ್ಷ. ನನ್ನ ಹೆಂಡತಿ ಆ ದಿನವೆಲ್ಲ ಸರಿಯಾಗಿ ಮಾತನಾಡಲಿಲ್ಲ.

ಆರು ಗಂಟೆಯ ನಿಯಮವನ್ನು ಆಗ ನಾವಾರೂ ಸರಿಯಾಗಿ ತಿಳಿದಿರಲಿಲ್ಲ. ಓಟಿನ ವೇಳೆ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ. ಆರು ಹೊಡೆದಾಗ ಸಾಲಿನಲ್ಲಿ ನಿಂತಿರುವವರೆಲ್ಲರಿಗೂ ಓಟು ಹಾಕುವ ಅವಕಾಶವಿರುವುದು. ಮತಗಟ್ಟೆಯ ಅಧಿಕಾರಿಯು ಆಗ ಸಾಲಿನ ಕಟ್ಟಕಡೆಯವನಿಂದ ಮೊದಲುಮಾಡಿ ಮುಂದಕ್ಕೆ ಚೀಟಿಗಳನ್ನು ಹಂಚಿಕೊಂಡು ಬರುವನು. ಆಮೇಲೆ ಬಂದವರು ಹಿಂದೆ ಸೇರಿಕೊಳ್ಳದಿರಲೆಂಬ ಉಪಾಯವಿದು. ಹದಿನೈದು ನಿಮಿಷ ಮುಂಚೆ ಹೊರಟಿದ್ದರೆ ಆಕೆಯ ಕೈಗೂ ಒಂದು ಚೀಟಿ ಬರುತ್ತಿತ್ತು. ಹದಿನೈದು ನಿಮಿಷವೆಂದರೆ ನಮ್ಮ ನಂಟರು ಎರಡನೆಯ ಸಲ ಕುಡಿದ ಕಾಫಿಯ ಲೋಟಗಳು.

ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟಾಗ ಅಲ್ಲಿ ಹೋಗಿ ಕುಳಿತವರು ಜಮೀನುದಾರರು, ವರ್ತಕರು. ಆ ಮೇಲೂ ಬಹುಕಾಲ ಆಸ್ತಿ, ಕಂದಾಯ, ವಿದ್ಯೆ ಇವುಗಳ ಅಳತೆಯಿಂದಲೇ ಓಟಿನ ಹಕ್ಕು ಬರುತ್ತಿತ್ತು. ಯಜಮಾನನಿಗೆ ಓಟಿತ್ತು, ಆಳಿಗೆ ಇರಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಹಕ್ಕು ಬಂದು, ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು. 1989ರಿಂದ ಆ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಆ ಮೊದಲ ಚುನಾವಣೆಯ ಪಟ್ಟಿಯನ್ನು ತಯಾರಿಸುವಾಗ ನಡೆದ ಸಂಗತಿಯೊಂದನ್ನು ನಾನು ಮರೆಯಲಾರೆನು. ಉತ್ತರದ ಕೆಲವು ಪ್ರಾಂತಗಳಲ್ಲಿ ಬಹುಮಂದಿ ಹೆಂಗಸರು ತಮ್ಮ ಹೆಸರನ್ನು ಹೇಳದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದು ಮಾತ್ರ ಬರೆಯಿಸಿದರು. ಹಾಗೆ ಬರೆದದ್ದನ್ನು ಒಪ್ಪಲಾಗದೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ನಿಶ್ಚಯಿಸಿದರು. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಅದು ಕಠಿಣವಾದರೂ ಮುಂದಿನ ಚುನಾವಣೆಗಳಿಗೆ ಒಳ್ಳೆಯದೇ ಆಯಿತು. ಇದನ್ನು ಓದಿದ ದಿನ ನಾನು ನನ್ನ ಹೆಂಡತಿಯನ್ನು, ನಮ್ಮ ಕೆಲಸದಾಕೆಯ ಪೂರ್ತಿ ಹೆಸರೇನೆಂದು ಕೇಳಿದೆನು. ಮಗಳ ಹೆಸರು ಹೇಳಿ ಇಂಥವಳ ಅಮ್ಮ ಎಂದು ಕರೆಯುವುದೇ ನಮ್ಮಲ್ಲಿಯೂ ರೂಢಿಯಾಗಿತ್ತು. ಹನ್ನೊಂದು ವರ್ಷವಾದರೂ ಆಕೆಯ ಹೆಸರು ಇಬ್ಬರಿಗೂ ತಿಳಿಯದು!

ಹೆಸರಿನ ವಿಷಯವನ್ನು ಇಷ್ಟು ಬೆಳೆಯಿಸುವುದಕ್ಕೆ ಕಾರಣವುಂಟು. ಯಜಮಾನನು ನಿಜವಾಗಿ ಮಾಡಬಹುದಾದ ಸಹಾಯವೆಲ್ಲ ಓಟಿನ ದಿನಕ್ಕಿಂತ ತಿಂಗಳುಗಳ ಮುಂಚೆ ಇರುವುದು. ಉಮೇದುವಾರರು ನಾಮಪತ್ರವನ್ನು ಸಲ್ಲಿಸುವ ಕಡೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೊಸ ಹೆಸರು ಸೇರುವಂತಿಲ್ಲ. ಅರ್ಜಿಯ ವಿಚಾರಣೆಗೂ ಸಮಯ ಬೇಕಾದ್ದರಿಂದ ಅದಕ್ಕೂ ಬಹಳ ಮೊದಲೇ ಕೊಡಬೇಕು. ಗೋಡೆಗಳ ಮೇಲೆ ಚಿತ್ರಗಳು ಅಂಟಿದ ಮೇಲೆ ಎಚ್ಚರವಾದವನಿಗೆ ಅವಕಾಶವು ಬಹುಮಟ್ಟಿಗೆ ಹೋಗಿಯೇಬಿಟ್ಟಿರುವುದು. ಹೊಸದಾಗಿ ಸೇರುವವರಿಗೆ ನಮೂನೆ 6, ವಾಸ ಬದಲಾಯಿಸಿದವರಿಗೆ ನಮೂನೆ 8. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕೆಂಬ ಒಂದೇ ದಿನವಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖು ಎಂದು ನಾಲ್ಕು ದಿನಗಳಾಗಿರುವುವು. ಅಚ್ಚುಕೂಟದ ಹುಡುಗನಂಥವರಿಗೆ ಇದು ದೊಡ್ಡ ಅನುಕೂಲ.

ವಾಸದ ಆಧಾರವೆಂಬುದೇ ಬಡವರಿಗೆ ಕಂಟಕ. ಕಾನೂನು ಕೇಳುವುದು ಮನೆ ಸ್ವಂತದ್ದೋ ಎಂದಲ್ಲ; ಸಾಮಾನ್ಯವಾಗಿ ಅಲ್ಲಿ ವಾಸವಾಗಿರುವನೋ ಎಂದು. ಹೇಳಿದ ಕಾಗದಗಳಲ್ಲಿ ಯಾವುದೂ ಇಲ್ಲದಿದ್ದರೆ ಚುನಾವಣೆಯ ನೌಕರರು ಸ್ಥಳಕ್ಕೆ ಬಂದು ವಿಚಾರಿಸಿ ನೋಡತಕ್ಕದ್ದು. ಕಷ್ಟವಿರುವುದು ಇಲ್ಲಿಯೇ. ಗೇಟಿನ ಬಳಿಯ ಒಂದೇ ಕೊಠಡಿಯಲ್ಲಿ ಆರು ವರ್ಷದಿಂದ ಸಂಸಾರ ಮಾಡಿಕೊಂಡಿರುವ ಕಾವಲುಗಾರನನ್ನು ಕುರಿತು ವಿಚಾರಣೆಗೆ ಬಂದವರು ಕೇಳಿದರೆ, ಮನೆಯವರು ಏನು ಹೇಳುವರು? "ಏನೋ ಸದ್ಯಕ್ಕೆ ಇಲ್ಲಿದ್ದಾನೆ" ಎನ್ನುವರು. ನಾಳೆ ಆ ಕೊಠಡಿಯ ಮೇಲೆ ಹಕ್ಕು ಹೂಡಿಯಾನೆಂಬ ಭಯ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರ ಮನೆಯೂ ಯಾರದೂ ಆಗುವುದಿಲ್ಲ. ಕಾವಲುಗಾರನು ನಮ್ಮಲ್ಲಿಯೇ ವಾಸವಾಗಿರುವನೆಂದು ಒಂದು ನಿಜವನ್ನು ಹೇಳುವುದರಲ್ಲಿ ಮನೆಯವರಿಗೆ ನಷ್ಟವೇನೂ ಇಲ್ಲ.

ಆದರೆ ಎಲ್ಲರೂ ನಗರದ ಪಟ್ಟಿಗೇ ಸೇರಬೇಕೆಂದು ಒತ್ತಾಯಪಡಿಸುವುದೂ ಸರಿಯಲ್ಲ. ರಾಯಚೂರಿನ ಆಳಿಗೆ ತನ್ನ ಊರಿನ ಕೆರೆ, ತನ್ನ ಊರಿನ ರಸ್ತೆ ಇವುಗಳ ಮೇಲೆಯೇ ಮನಸ್ಸಿರಬಹುದು. ಹೆಂಡತಿ ಮಕ್ಕಳು ಅಲ್ಲಿಯೇ ಇರಬಹುದು. ಅಂಥವನಿಗೆ ಒಂದು ದಿನದ ರಜಾ ಸಾಲದು. ರಾತ್ರಿಯ ಬಸ್ಸಿಗೆ ಹೋಗಿ, ಓಟು ಹಾಕಿ, ಮತ್ತೊಂದು ರಾತ್ರಿಯ ಬಸ್ಸಿಗೆ ಬಂದರೆ ಮಾರನೆಯ ದಿನ ಯಂತ್ರದ ಮುಂದೆ ತೂಕಡಿಸುವನು. ಹೋಗಿಬರುವ ಬಸ್ಸಿನ ದುಡ್ಡು ಅವನಿಗೆ ಎರಡು ದಿನದ ಕೂಲಿಗೆ ಕಡಮೆಯಾಗಲಾರದು. ಒಂದು ದಿನ ಹೆಚ್ಚಾಗಿ ರಜಾ ಕೊಟ್ಟು, ಶಕ್ತಿಯಿದ್ದವರು ಬಸ್ಸಿನ ಖರ್ಚನ್ನೂ ಕೊಡಬಹುದು. ಎಲ್ಲರಿಗೂ ಸಮನಾಗಿ ಕೊಡಬೇಕು. ಯಾರಿಗೆ ಓಟು ಹಾಕುವೆಯೆಂದು ಕೇಳದೆ ಕೊಡಬೇಕು. ಇಂಥವರಿಗೆ ಹಾಕು ಎಂಬ ಸೂಚನೆ ಬೆರೆತ ಕೂಡಲೆ ಅದು ಸಹಾಯವಾಗದೆ ಲಂಚವಾಗುವುದು. ವಾಹನದ ವಿಷಯದಲ್ಲಿ ಇನ್ನೂ ಜಾಗರೂಕತೆ ಬೇಕು. ಉಮೇದುವಾರನಾಗಲಿ ಅವನ ಕಡೆಯವರಾಗಲಿ ಮತದಾರರನ್ನು ಬಿಟ್ಟಿಯಾಗಿ ವಾಹನದಲ್ಲಿ ಮತಗಟ್ಟೆಗೆ ಸಾಗಿಸುವುದು ಚುನಾವಣೆಯ ಭ್ರಷ್ಟಾಚಾರಗಳಲ್ಲೊಂದೆಂದು ಕಾಯಿದೆಯ 123ನೆಯ ಪ್ರಕರಣವು ಹೇಳುವುದು. ಯಜಮಾನನು ಒಂದು ಪಕ್ಷದಲ್ಲಿ ಓಡಾಡುವವನಾಗಿದ್ದರೆ ಅವನ ಜೀಪು ಮನೆಯಲ್ಲಿಯೇ ನಿಂತಿರುವುದು ಲೇಸು.

ಕೊಡಗು, ಚಿಕ್ಕಮಗಳೂರಿನ ತೋಟಗಳ ಮಾಲೀಕರಲ್ಲಿಯೂ ನಮ್ಮ ವಾಚಕರು ಇರುವರಾದ್ದರಿಂದ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆನು. ಓಟು ಗುಟ್ಟಾದದ್ದೆಂಬುದು ಎಲ್ಲರಿಗೂ ತಿಳಿದದ್ದು. ಆದರೆ ಎಣಿಕೆಯು ಮತಗಟ್ಟೆ ಮತಗಟ್ಟೆಗೂ ಬೇರೆಬೇರೆಯಾಗಿ ಆಗಿ, ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟೆಂಬ ಪಟ್ಟಿಯು ಪ್ರಕಟವಾಗುವುದು. ತೋಟದ ಲೈನುಗಳ ಜನರೇ ಹೆಚ್ಚಾಗಿರುವ ಮತಗಟ್ಟೆಯಾದರೆ ಒಬ್ಬೊಬ್ಬನದು ತಿಳಿಯದಿದ್ದರೂ ಒಟ್ಟಾರೆ ಎತ್ತ ವಾಲಿದರೆಂಬುದು ಮಾಲೀಕನಿಗೆ ತಿಳಿದೇ ತಿಳಿಯುವುದು. ಆಳುಗಳಿಗೂ ಇದು ಗೊತ್ತು. ಅಂಥ ಕಡೆ ಮಾಲೀಕನು ಲೈನಿನ ಮುಂದೆ ನಿಂತು "ಎಲ್ಲರೂ ಓಟು ಹಾಕಿರಿ" ಎಂದು ಎಷ್ಟು ಶುದ್ಧ ಮನಸ್ಸಿನಿಂದ ಹೇಳಿದರೂ ಕೇಳುವವನ ಕಿವಿಗೆ ಅದು ಬೇರೆಯಾಗಿ ಬೀಳಬಹುದು. ನೋಟೀಸು ಅಂಟಿಸಿ, ರಜಾ ಮತ್ತು ಕೂಲಿಯ ವಿಷಯವನ್ನು ಅವರವರ ಭಾಷೆಯಲ್ಲಿ ಬರೆಯಿಸಿ, ಫಲಿತಾಂಶದ ದಿನ ತೋಟದಲ್ಲಿ ರಾಜಕೀಯವನ್ನು ಎತ್ತದಿರುವುದೇ ಅಲ್ಲಿ ದೊಡ್ಡ ಪ್ರೋತ್ಸಾಹವೆಂದು ನನಗೆ ತೋರುವುದು.

ಶಾಯಿ ತೋರಿಸದವನ ಸಂಬಳ ಹಿಡಿಯುವೆನೆಂದ ನನ್ನ ಸ್ನೇಹಿತರಿಗೆ ಈಗ ಉತ್ತರ ಹೇಳಬೇಕು. 135ಬಿ ಪ್ರಕರಣವು ರಜಾ ಕೊಡುವುದು ಓಟಿನ ಹಕ್ಕುಳ್ಳವನಿಗೆ. ಓಟು ಹಾಕಿ ತೋರಿಸಿದವನಿಗೆ ಎಂಬ ಮಾತು ಅಲ್ಲಿಲ್ಲ. ಈ ದಾರಿಯಲ್ಲಿ ಹೆಜ್ಜೆಯಿಟ್ಟವರು ಹಿಂದೆಯೂ ಇರುವರು. ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಓಟನ್ನು ಕಡ್ಡಾಯಮಾಡುವ ಕಾನೂನು ಬಂತು. 2015ರಲ್ಲಿ ಅಲ್ಲಿನ ಹೈಕೋರ್ಟು ಅದನ್ನು ತಡೆಹಿಡಿಯಿತು. ಅದೇ ರಾಜ್ಯದಲ್ಲಿ 2022ರ ವಿಧಾನಸಭಾ ಚುನಾವಣೆಗೆ ಮುಂಚೆ ಚುನಾವಣಾಧಿಕಾರಿಗಳು ಸಾವಿರಕ್ಕೂ ಹೆಚ್ಚು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು, ರಜಾ ಪಡೆದೂ ಓಟು ಹಾಕದ ನೌಕರರ ಹೆಸರನ್ನು ಸೂಚನಾಫಲಕದಲ್ಲಿ ಹಾಕಿಸುವುದೆಂದು ಹೊರಟಾಗ ಬಹಳ ಚರ್ಚೆಯಾಯಿತು. ಉದ್ದೇಶವು ಒಳ್ಳೆಯದಿರಬಹುದು. ಆದರೆ ಊರಿಗೆ ಹೋಗಲು ಬಸ್ಸಿನ ದುಡ್ಡಿಲ್ಲದವನ ಹೆಸರೂ, ಪಟ್ಟಿಯಿಂದ ಬಿದ್ದುಹೋದವನ ಹೆಸರೂ, ನಿದ್ದೆಮಾಡಿದವನ ಹೆಸರೂ ಒಂದೇ ಫಲಕದ ಮೇಲೆ ಏರುವುವಷ್ಟೆ. ನನ್ನ ಸ್ನೇಹಿತರು ಮಾಡಹೊರಟಿದ್ದೂ ಅದನ್ನೇ ಎಂದಾಗ ಅವರು ಸುಮ್ಮನಾದರು.

ಸಣ್ಣ ಸಂತೋಷಗಳಿಗೆ ನಾನು ವಿರೋಧಿಯಲ್ಲ. ಬೆರಳಿನ ಶಾಯಿ ತೋರಿಸಿದವರಿಗೆ 2024ರಲ್ಲಿ ಬೆಂಗಳೂರಿನ ಕೆಲವು ಹೋಟೆಲುಗಳವರು ದೋಸೆಯನ್ನು ಬಿಟ್ಟಿಯಾಗಿ ಕೊಟ್ಟರು. ಯಾವ ಪಕ್ಷದ ಬಣ್ಣವೂ ಇಲ್ಲದ ದೋಸೆಯಿಂದ ಪ್ರಜಾಪ್ರಭುತ್ವಕ್ಕೆ ಕುಂದು ಬಾರದು. ಆ ಶಾಯಿಯಾದರೋ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರಖಾನೆಯು 1962ರ ಚುನಾವಣೆಯಿಂದ ಮೊದಲುಮಾಡಿ ದೇಶಕ್ಕೆಲ್ಲ ಅದನ್ನು ಒದಗಿಸುತ್ತ ಬಂದಿರುವುದು. ಅದರಲ್ಲಿ ಬೆಳ್ಳಿಯ ಲವಣವಿರುವುದರಿಂದ ಚರ್ಮಕ್ಕೆ ಹತ್ತಿದರೆ ಸಾಬೂನಿಗೂ ಹುಣಿಸೆಹಣ್ಣಿಗೂ ಜಗ್ಗದು. ಪಾತ್ರೆ ತೊಳೆಯುವವರ ಕೈಯಲ್ಲಿಯೂ ದಿನಗಟ್ಟಲೆ ನಿಲ್ಲುವುದು.

ಮನೆಯಲ್ಲಿ ಮಾಡತಕ್ಕದ್ದನ್ನು ನಾವು ಗೊತ್ತುಮಾಡಿಕೊಂಡಿರುವೆವು. ಓಟಿನ ದಿನ ನಂಟರನ್ನು ಕರೆಯುವುದಿಲ್ಲ. ಕೆಲಸದಾಕೆಗೆ ಪೂರ್ತಿ ರಜಾ. ಉಳಿದೆರಡು ಮನೆಯವರೂ ಕೊಡುವಂತೆ ನನ್ನ ಹೆಂಡತಿ ಅವರೊಡನೆ ಮಾತನಾಡಿರುವಳು. ಒಂದು ಮನೆಯವರು ಒಪ್ಪಿರುವರು. ಇನ್ನೊಂದು ಮನೆಯವರು "ನೋಡೋಣ" ಎಂದಿರುವರು. ನಮ್ಮ ಅತ್ತೆಯವರನ್ನು ನೋಡಿಕೊಳ್ಳುವ ದಾದಿಗೆ ಬೆಳಗಿನ ಮೂರು ಗಂಟೆಗಳ ಬಿಡುವು. ಅಷ್ಟು ಹೊತ್ತು ಅವರ ಬಳಿ ನಾನು ಕುಳಿತಿರುವುದು. ಅಷ್ಟು ಹೊತ್ತು ನನ್ನಿಂದ ಆದೀತೇ ಎಂದು ಅತ್ತೆಯವರಿಗೆ ಸಂದೇಹವಿರುವುದು.

ಅಚ್ಚುಕೂಟದ ಸ್ನೇಹಿತರು ನಿನ್ನೆ ಮತ್ತೆ ಬಂದಿದ್ದರು. ಹುಡುಗನಿಂದ ನಮೂನೆ 6ನ್ನೂ, ಮನೆ ಬದಲಾಯಿಸಿದವನಿಂದ ನಮೂನೆ 8ನ್ನೂ ತಾವೇ ಕುಳಿತು ತುಂಬಿಸಿ ಕಳುಹಿಸಿರುವರಂತೆ. ಊರಿನಲ್ಲಿ ಹೆಸರಿರುವ ಮೂವರೂ ಅಲ್ಲಿಯೇ ಇರಲೆಂದರಂತೆ. ಅವರ ಊರುಗಳಲ್ಲಿ ಓಟಿನ ದಿನ ಯಾವುದೆಂದು ಗೊತ್ತಾದ ಕೂಡಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕೆಂದು ಒಂದು ಕೆಂಪು ಪೆನ್ಸಿಲನ್ನು ಗೋಡೆಯ ಮೊಳೆಗೆ ಕಟ್ಟಿ ತೂಗಹಾಕಿದ್ದಾರೆ. ನಿದ್ದೆಮಾಡಿದವನನ್ನು ಏನು ಮಾಡಬೇಕೆಂದು ಕೇಳಿದರು. ಅವನನ್ನು ಅವನ ಪಾಡಿಗೆ ಬಿಡಿರೆಂದೆನು.